ಮಳೆಗಾಲದ ಮಲೆನಾಡಿನಲ್ಲಿ ಕಪ್ಪು-ಬಿಳುಪು ಫಿಲ್ಮ್: ರೀಲು ಹಾಕುವುದರಿಂದ ತೊಳೆದು ಒಣಗಿಸುವವರೆಗೆ

ಕಪ್ಪು-ಬಿಳುಪು ಫಿಲ್ಮ್ ತೊಳೆಯುವ (ಡೆವಲಪ್ ಮಾಡುವ) ವಿಧಾನವನ್ನು ಹೇಳಿಕೊಡುವ ಬಹುತೇಕ ಸೂಚನೆಗಳು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು, ಒಣಗಾಳಿ ಮತ್ತು ಧಾರಾಳವಾದ ಬೆಳಕು ಇವೆಯೆಂದು ನಂಬಿಕೊಂಡು ಹೊರಟವು. ತೀರ್ಥಹಳ್ಳಿಯ ಆಚೆ, ಅಡಿಕೆ ತೋಟಕ್ಕೆ ಬೆನ್ನು ಹಾಕಿ ನಿಂತ ಮನೆಯಲ್ಲಿ, ಆರಿದ್ರಾ ಮಳೆ ಹಿಡಿದು ಕುಳಿತ ವಾರದಲ್ಲಿ ಈ ಮೂರರಲ್ಲಿ ಒಂದೂ ಸಿಗುವುದಿಲ್ಲ. ಒಗೆದ ಬಟ್ಟೆ ನಾಲ್ಕು ದಿನವಾದರೂ ಆರುವುದಿಲ್ಲ, ಬೀರುವಿನಲ್ಲಿಟ್ಟ ಚಪ್ಪಲಿಗೆ ಬೂಷ್ಟು ಬರುತ್ತದೆ, ಮಧ್ಯಾಹ್ನ ಮೂರಕ್ಕೇ ಜಗುಲಿಯಲ್ಲಿ ದೀಪ ಹಾಕಬೇಕಾಗುತ್ತದೆ. ಹಾಗೆಂದು ಕ್ಯಾಮೆರಾವನ್ನು ದೀಪಾವಳಿಯವರೆಗೆ ಕಟ್ಟಿಡಬೇಕಾಗಿಲ್ಲ. ಸೂಚನೆಗಳಲ್ಲಿ ಯಾವುದನ್ನು ಹಾಗೆಯೇ ಪಾಲಿಸಬೇಕು, ಯಾವುದನ್ನು ನಮ್ಮ ಹವೆಗೆ ತಕ್ಕಂತೆ ತಿದ್ದಿಕೊಳ್ಳಬೇಕು ಎಂಬುದು ತಿಳಿದರೆ ಸಾಕು. ಈ ಲೇಖನವನ್ನು 35 ಎಂಎಂ ಕ್ಯಾಮೆರಾ ಹಾಗೂ ಕಪ್ಪು-ಬಿಳುಪು ಫಿಲ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬಣ್ಣದ ಫಿಲ್ಮನ್ನು ತೊಳೆಯಲು 38 ಡಿಗ್ರಿಯ ಆಸುಪಾಸಿನಲ್ಲಿ ಅಲುಗಾಡದ ಉಷ್ಣತೆ ಬೇಕಾಗುವುದರಿಂದ ಅದನ್ನು ಲ್ಯಾಬಿಗೆ ಕಳುಹಿಸುವುದೇ ಮೇಲು.

ಕ್ಯಾಮೆರಾವನ್ನು ಆರಿಸುವಾಗ

ಹಳೆಯ ಕ್ಯಾಮೆರಾ ಕೊಳ್ಳುವವರು ಬ್ಯಾಟರಿ ಇಲ್ಲದೆಯೂ ಶಟರ್ (ಫಿಲ್ಮಿಗೆ ಬೆಳಕು ಬಿಡುವ ಪರದೆ) ಕೆಲಸ ಮಾಡುವಂಥದ್ದನ್ನೇ ಹುಡುಕುವುದು ಒಳ್ಳೆಯದು. 1976ರಲ್ಲಿ ಬಂದ ಪೆಂಟಾಕ್ಸ್ ಕೆ1000 ಮತ್ತು 1982ರಲ್ಲಿ ಬಂದ ನಿಕಾನ್ ಎಫ್‌ಎಂ2 ಈ ಜಾತಿಯವು. ಎರಡರಲ್ಲೂ ಬ್ಯಾಟರಿಯು ಬೆಳಕಿನ ಮೀಟರಿಗೆ ಮಾತ್ರ ಬೇಕಾಗುತ್ತದೆ. ತೇವ ಹೊಕ್ಕು ಕೆಟ್ಟ ಎಲೆಕ್ಟ್ರಾನಿಕ್ ಕ್ಯಾಮೆರಾವನ್ನು ರಿಪೇರಿ ಮಾಡುವವರು ಈಗ ವಿರಳ, ಹಲ್ಲುಚಕ್ರ ಮತ್ತು ಸ್ಪ್ರಿಂಗಿನ ಯಂತ್ರವನ್ನು ಬಿಚ್ಚಿ ಸರಿಮಾಡುವವರು ಇನ್ನೂ ಸಿಗುತ್ತಾರೆ. ಕೆ1000 ಕ್ಯಾಮೆರಾದಲ್ಲಿ ಮೀಟರನ್ನು ಬಂದ್ ಮಾಡುವ ಸ್ವಿಚ್ಚೇ ಇಲ್ಲ, ಆದ್ದರಿಂದ ಲೆನ್ಸಿಗೆ ಮುಚ್ಚಳ ಹಾಕಿಡದಿದ್ದರೆ ಬ್ಯಾಟರಿ ಸುಮ್ಮನೆ ಇಳಿಯುತ್ತದೆ ಎಂಬುದನ್ನು ಕೊಂಡವರು ನೆನಪಿಡಬೇಕು.

ಕೊಳ್ಳುವ ಮುನ್ನ ಹಿಂದಿನ ಬಾಗಿಲನ್ನು ತೆರೆದು, ಬಾಗಿಲು ಕೂರುವ ಜಾಡಿನಲ್ಲಿ ಅಂಟಿಸಿರುವ ಕಪ್ಪು ಸ್ಪಂಜನ್ನು ಬೆರಳಿನಿಂದ ಮುಟ್ಟಿ ನೋಡಿ. ನಮ್ಮ ಹವೆಯಲ್ಲಿ ಅದು ಕರಗಿ ಡಾಂಬರಿನಂತೆ ಅಂಟತೊಡಗಿರುತ್ತದೆ, ಆ ಸಂದಿನಿಂದ ಬೆಳಕು ಸೋರಿ ಫಿಲ್ಮಿನ ಅಂಚಿನಲ್ಲಿ ಕಪ್ಪು ಪಟ್ಟೆ ಬೀಳುತ್ತದೆ. ಇದು ದೊಡ್ಡ ದೋಷವಲ್ಲ. ಹಳೆಯ ಸ್ಪಂಜನ್ನು ಸ್ಪಿರಿಟ್ ಹಚ್ಚಿದ ಕಡ್ಡಿಯಿಂದ ಕೆರೆದು ತೆಗೆದು, ಅದೇ ಅಗಲದ ಕಪ್ಪು ಸ್ಪಂಜಿನ ಪಟ್ಟಿಯನ್ನೋ ಕಪ್ಪು ಉಣ್ಣೆಯ ದಾರವನ್ನೋ ಅಂಟಿಸಿದರೆ ಆಯಿತು. ದೊಡ್ಡ ದೋಷ ಇರುವುದು ಲೆನ್ಸಿನಲ್ಲಿ. ಅಪರ್ಚರನ್ನು, ಎಂದರೆ ಲೆನ್ಸಿನಲ್ಲಿ ಬೆಳಕು ಹೋಗುವ ಕಿಂಡಿಯನ್ನು, ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚು ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿದಾಗ ಗಾಜಿನ ಅಂಚಿನಿಂದ ಒಳಕ್ಕೆ ಜೇಡರ ಬಲೆಯಂತಹ ಎಳೆಗಳು ಹರಿದಿದ್ದರೆ ಅದು ಬೂಷ್ಟು. ಅಂತರ್ಜಾಲದಲ್ಲಿ ಒಬ್ಬ ಮಾರಾಟಗಾರರು ಗಾಜು ನಿರ್ಮಲವಾಗಿದೆಯೆಂದು ಬರೆದು ಕಳುಹಿಸಿದ 50 ಎಂಎಂ ಲೆನ್ಸನ್ನು ಟಾರ್ಚಿಗೆ ಹಿಡಿದಾಗ ಅದರೊಳಗೆ ಒಂದು ಸಣ್ಣ ಕಾಡೇ ಬೆಳೆದಿತ್ತು. ಎಳೆಯ ಬೂಷ್ಟನ್ನು ಬಲ್ಲವರು ಲೆನ್ಸ್ ಬಿಚ್ಚಿ ಒರೆಸಬಲ್ಲರು, ಹಳೆಯದು ಗಾಜಿನ ಲೇಪವನ್ನೇ ತಿಂದಿರುತ್ತದೆ ಮತ್ತು ಆ ಕಲೆ ಹೋಗುವುದಿಲ್ಲ.

ಬೂಷ್ಟಿಗೆ ಎಡೆ ಕೊಡದಿರುವುದು

ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65-70ನ್ನು ದಾಟಿ ಬಹಳ ದಿನ ಹಾಗೆಯೇ ನಿಂತರೆ ಬೂಷ್ಟು ಚಿಗುರುತ್ತದೆ, ಮಳೆಗಾಲದ ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಅದಕ್ಕಿಂತ ಎಷ್ಟೋ ಮೇಲೆಯೇ ಇರುತ್ತದೆ. ಕ್ಯಾಮೆರಾ ಇಡುವ ಜಾಗದಲ್ಲಿ ಅದನ್ನು 40ರಿಂದ 50ರ ನಡುವೆ ತರುವುದು ಗುರಿ. ಇದಕ್ಕೆ ದುಬಾರಿಯ ವಿದ್ಯುತ್ ಪೆಟ್ಟಿಗೆ ಬೇಕೆಂದೇನಿಲ್ಲ. ರಬ್ಬರ್ ಸುತ್ತಿನ ಮುಚ್ಚಳವಿದ್ದು ಗಾಳಿಯಾಡದಂತೆ ಮುಚ್ಚಿಕೊಳ್ಳುವ ದೊಡ್ಡ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಒಂದು ಪುಟ್ಟ ಆರ್ದ್ರತಾ ಮಾಪಕ, ಮತ್ತು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿದ ಕಾಲು ಕಿಲೋದಷ್ಟು ಬಣ್ಣ ಬದಲಿಸುವ ಸಿಲಿಕಾ ಜೆಲ್ ಸಾಕು. ಕಿತ್ತಳೆ ಬಣ್ಣದ ಹರಳು ಹಸಿರಾದಾಗ ಅಥವಾ ನೀಲಿ ಹರಳು ಗುಲಾಬಿಯಾದಾಗ ಅದು ನೀರು ಕುಡಿದು ತುಂಬಿದೆ ಎಂದರ್ಥ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಹುರಿದು, ಪೂರ್ತಿ ತಣಿದ ಮೇಲೆ ಡಬ್ಬಕ್ಕೆ ಹಾಕಬೇಕು. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬಾರದು. ನೀಲಿ ಹರಳಿನಲ್ಲಿ ಕೋಬಾಲ್ಟ್ ಲವಣವಿರುವುದರಿಂದ ಕಿತ್ತಳೆಯದನ್ನು ಆರಿಸುವುದೇ ಲೇಸು.

ಅಕ್ಕಿ ಡಬ್ಬದಲ್ಲಿ ಹುದುಗಿಸಿಡುವ ಸಲಹೆಯನ್ನು ಬಹಳ ಜನ ಕೊಡುತ್ತಾರೆ. ಅಕ್ಕಿ ಹೀರುವ ತೇವ ಅಲ್ಪ, ಅದರ ಹುಡಿ ಲೆನ್ಸಿನ ಫೋಕಸ್ ಉಂಗುರದ ಸಂದಿಗೆ ಸೇರಿ ಕರಕರ ಎನ್ನತೊಡಗುತ್ತದೆ, ಹಾಗಾಗಿ ನಾನು ಅದನ್ನು ಒಪ್ಪುವುದಿಲ್ಲ. ಕ್ಯಾಮೆರಾ ಜೊತೆಗೆ ಬಂದ ಚರ್ಮದ ಚೀಲವಂತೂ ಬೂಷ್ಟಿನ ತವರುಮನೆ. ಜೂನ್ ಒಂದರಂದೇ ಅದನ್ನು ಬೇರೆ ಮಾಡಿ ಇಡಿ. ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಕ್ಯಾಮೆರಾವನ್ನು ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು, ಎಲ್ಲ ಶಟರ್ ವೇಗಗಳಲ್ಲೂ ಒಂದೊಂದು ಸಲ ಒತ್ತಿ, ಫೋಕಸ್ ಉಂಗುರವನ್ನು ಅತ್ತಿಂದಿತ್ತ ತಿರುಗಿಸುವುದು.

ಫಿಲ್ಮ್ ಮತ್ತು ರೀಲು ಹಾಕುವ ಕ್ರಮ

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮು ಪೇಟೆಯ ಸ್ಟುಡಿಯೋಗಳಲ್ಲಿ ಸಿಗುತ್ತಿದ್ದ ಕಾಲ ಮುಗಿಯಿತು. ಈಗ ಹೊರದೇಶದ ಇಲ್ಫೋರ್ಡ್, ಕೊಡಾಕ್ ಮುಂತಾದವನ್ನು ತರಿಸಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐಎಸ್‌ಒ 400 ವೇಗದ (ಅಂಕೆ ಹೆಚ್ಚಿದಷ್ಟೂ ಫಿಲ್ಮು ಬೆಳಕಿಗೆ ಚುರುಕು) ಎಚ್‌ಪಿ5 ಪ್ಲಸ್ ಅಥವಾ ಟ್ರೈ-ಎಕ್ಸ್ ಬಿಟ್ಟು ಬೇರೆ ಯೋಚನೆ ಬೇಡ. ಐಎಸ್‌ಒ 125ರ ಎಫ್‌ಪಿ4 ಪ್ಲಸ್ ನವೆಂಬರ್-ಡಿಸೆಂಬರ್‌ನ ತಿಳಿ ಬಿಸಿಲಿಗೆ, ಇಲ್ಲವೇ ಸ್ಟ್ಯಾಂಡ್ ಹೊತ್ತು ಹೋಗುವವರಿಗೆ ಸರಿ. ಅಗಲದ 120 ಫಿಲ್ಮಿನಲ್ಲಿ ಹಿಂಬದಿಯ ಕಾಗದವು ತೇವ ಹೀರಿ ಎಮಲ್ಷನ್ನಿನ, ಎಂದರೆ ಚಿತ್ರ ಮೂಡುವ ಪದರದ, ಮೇಲೆ ಕಲೆಯನ್ನೋ ಅಂಕೆಯ ಗುರುತನ್ನೋ ಬಿಡುವುದುಂಟು, ಆದ್ದರಿಂದ ಮಳೆಗಾಲಕ್ಕೆ 35 ಎಂಎಂ ಹೆಚ್ಚು ನಿಶ್ಚಿಂತೆ.

ಫಿಲ್ಮನ್ನು ಅದರ ಮೂಲ ಡಬ್ಬಿಯಲ್ಲೇ ಫ್ರಿಜ್ಜಿನಲ್ಲಿಡಿ. ಹೊರಗೆ ತೆಗೆದ ಮೇಲೆ ಕನಿಷ್ಠ ಒಂದೆರಡು ಗಂಟೆ ಡಬ್ಬಿಯ ಮುಚ್ಚಳ ತೆರೆಯಬೇಡಿ, ತೆರೆದರೆ ತಣ್ಣನೆಯ ಫಿಲ್ಮಿನ ಮೇಲೆ ಹೊರಗಿನ ತೇವ ಕ್ಷಣದಲ್ಲಿ ಬೆವರಿನಂತೆ ಕೂರುತ್ತದೆ. ಎಸಿ ಹಾಕಿದ ಕಾರಿನಲ್ಲಿ ಆಗುಂಬೆ ಘಾಟಿಗೆ ಬಂದು ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆಯುವವರಿಗೂ ಇದೇ ಮಾತು ಅನ್ವಯಿಸುತ್ತದೆ: ಅರ್ಧ ಗಂಟೆ ಚೀಲದಲ್ಲೇ ಇರಲಿ.

ರೀಲು ಹಾಕುವಾಗ ಫಿಲ್ಮಿನ ನಾಲಿಗೆಯನ್ನು ಬಲಗಡೆಯ ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಎರಡೂ ಬದಿಯ ರಂಧ್ರಗಳು ಹಲ್ಲುಚಕ್ರದ ಮೇಲೆ ಕುಳಿತಿರುವುದನ್ನು ಕಣ್ಣಾರೆ ನೋಡಿ, ಒಂದು ಸುತ್ತು ಎಳೆದ ಮೇಲೆಯೇ ಬಾಗಿಲು ಮುಚ್ಚಬೇಕು. ಬಳಿಕ ಎಡಗಡೆಯ ಸುತ್ತುಹಿಡಿಯನ್ನು ಮೆಲ್ಲನೆ ತಿರುಗಿಸಿ ಸಡಿಲವನ್ನು ತೆಗೆದು, ಮುಂದೆ ಪ್ರತಿ ಸಲ ಲಿವರ್ ಎಳೆದಾಗಲೂ ಆ ಹಿಡಿ ತಾನೂ ತಿರುಗುತ್ತದೆಯೇ ಎಂದು ಗಮನಿಸಬೇಕು. ತಿರುಗದಿದ್ದರೆ ಫಿಲ್ಮು ಹಲ್ಲಿಗೆ ಸಿಕ್ಕಿಲ್ಲ. ಕವಲೇದುರ್ಗದ ಕೋಟೆಯನ್ನು ಒಂದಿಡೀ ಬೆಳಿಗ್ಗೆ ಹತ್ತಿ ಇಳಿದು, ಎಣಿಕೆ 36 ದಾಟಿ 40ಕ್ಕೆ ಬಂದರೂ ರೀಲು ಮುಗಿಯದಿರುವುದನ್ನು ಕಂಡು ಮೊದಲು ಸಂತೋಷಪಟ್ಟು ಆಮೇಲೆ ಎದೆ ಧಸಕ್ಕೆಂದ ಅನುಭವ ನನ್ನದೇ ಆದ್ದರಿಂದ, ಈ ಒಂದು ಸಾಲನ್ನು ಎರಡು ಸಲ ಓದಿರೆಂದು ಕೇಳಿಕೊಳ್ಳುತ್ತೇನೆ.

ಬೆಳಕನ್ನು ಅಳೆಯುವುದು

ನೆತ್ತಿಯ ಬಿಸಿಲಿನಲ್ಲಿ ಎಫ್ 16 ಅಪರ್ಚರ್ ಇಟ್ಟು (ಎಫ್ ಅಂಕೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಶಟರನ್ನು ಫಿಲ್ಮಿನ ವೇಗದ ಅಂಕೆಗೆ ಹತ್ತಿರವಾಗಿ, ಎಂದರೆ ಐಎಸ್‌ಒ 400ಕ್ಕೆ 1/500 ಸೆಕೆಂಡಿಗೆ, ಇಡುವ ಹಳೆಯ ಸೂತ್ರ ಎಲ್ಲರಿಗೂ ಗೊತ್ತು. ಅದೇ ಲೆಕ್ಕವನ್ನು ಮೋಡಕ್ಕೆ ಇಳಿಸಿದರೆ ತೆಳು ಮೋಡಕ್ಕೆ ಎಫ್ 11, ಸಾಧಾರಣ ಮೋಡಕ್ಕೆ ಎಫ್ 8, ದಟ್ಟ ಮೋಡಕ್ಕೆ ಎಫ್ 5.6 ಆಗುತ್ತದೆ. ಮಲೆನಾಡಿನ ಲೆಕ್ಕ ಅಲ್ಲಿಂದ ಮುಂದೆ ಶುರುವಾಗುತ್ತದೆ. ಜುಲೈ ತಿಂಗಳ ಮಳೆ ಮೋಡದ ಕೆಳಗೆ, ಒತ್ತಾಗಿ ಬೆಳೆದ ಅಡಿಕೆ ತೋಟದ ಒಳಗೆ ನಿಂತಾಗ ಐಎಸ್‌ಒ 400ಕ್ಕೆ ಎಫ್ 2.8ರಲ್ಲಿ 1/60 ಸೆಕೆಂಡು ಸಿಕ್ಕರೆ ಅದೃಷ್ಟ. ಎಫ್ 1.8ರ ಅಗ್ಗದ 50 ಎಂಎಂ ಲೆನ್ಸು ಇಲ್ಲಿ ದುಬಾರಿಯ ಜೂಮ್ ಲೆನ್ಸನ್ನು ಸೋಲಿಸುವುದು ಇದೇ ಕಾರಣಕ್ಕೆ.

ಮೀಟರು ತಾನು ನೋಡಿದ್ದೆಲ್ಲವನ್ನೂ ನಡುಬೂದು ಎಂದೇ ತಿಳಿಯುತ್ತದೆ. ಕುಂದಾದ್ರಿಯ ನೆತ್ತಿಯಲ್ಲಿ ಬೆಳಗಿನ ಮಂಜು ಕಣಿವೆ ತುಂಬಿದಾಗ ಮೀಟರನ್ನು ನಂಬಿ ತೆಗೆದರೆ ಬಿಳಿ ಮಂಜು ಕೊಳೆ ಬೂದಿಯಾಗಿ ಬರುತ್ತದೆ, ಅಲ್ಲಿ ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟಾಗುವುದು ಅಥವಾ ಅರ್ಧವಾಗುವುದು) ಹೆಚ್ಚು ಬೆಳಕು ಕೊಡಬೇಕು. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮುಂದಿನ ನಂದಿಯ ನೆರಳಿನ ಬದಿಗೆ ಹತ್ತಿರ ಹೋಗಿ ಅಳೆದರೆ ಇದಕ್ಕೆ ತದ್ವಿರುದ್ಧ: ಕಪ್ಪಾಗಿ ಕಾಣಬೇಕಾದ ಕಲ್ಲು ಬೆಳ್ಳಗಾಗುತ್ತದೆ, ಆದ್ದರಿಂದ ಅಳತೆಗಿಂತ ಎರಡು ಸ್ಟಾಪ್ ಕಡಿಮೆ ಕೊಡಬೇಕು. 1940ರ ಆಸುಪಾಸಿನಲ್ಲಿ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ ಜೋನ್ ಪದ್ಧತಿಯ ತಿರುಳೂ ಇಷ್ಟೇ. ವಿವರ ಉಳಿಯಬೇಕಾದ ಅತಿ ಕಪ್ಪು ಭಾಗವನ್ನು ಅಳೆದು, ಅದನ್ನು ನಡುಬೂದಿಗಿಂತ ಎರಡು ಮೆಟ್ಟಿಲು ಕೆಳಗಿಟ್ಟು ತೆಗೆಯುವುದು, ಬಿಳಿಯ ಭಾಗಗಳನ್ನು ತೊಳೆಯುವ ಅವಧಿಯಿಂದ ಹತೋಟಿಗೆ ತರುವುದು.

ಇಷ್ಟೆಲ್ಲ ಲೆಕ್ಕ ಬೇಡವೆನ್ನುವವರು ತಮ್ಮ ಅಂಗೈಯನ್ನು ಬಳಸಬಹುದು. ಫೋಟೋ ತೆಗೆಯುವ ವಸ್ತುವಿನ ಮೇಲೆ ಬೀಳುವ ಬೆಳಕೇ ಬೀಳುವಂತೆ ಅಂಗೈಯನ್ನು ಚಾಚಿ, ಅದರಿಂದ ಮಾತ್ರ ಅಳತೆ ತೆಗೆದು, ಒಂದು ಸ್ಟಾಪ್ ಹೆಚ್ಚು ತೆರೆಯಬೇಕು. ಮೈಬಣ್ಣ ಯಾವುದೇ ಇರಲಿ, ಅಂಗೈಗಳ ನಡುವೆ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ಅಡಿಕೆ ಸುಲಿಯುವ ಚಪ್ಪರದೊಳಗೆ ಕುಳಿತವರ ಮುಖ ತೆಗೆಯುವಾಗ ಹಿನ್ನೆಲೆಯ ಬಿಳಿ ಆಕಾಶ ಮೀಟರನ್ನು ದಾರಿ ತಪ್ಪಿಸುತ್ತದೆ, ಅಲ್ಲಿ ಈ ಅಂಗೈ ಲೆಕ್ಕ ನನ್ನನ್ನು ಎಷ್ಟೋ ಸಲ ಉಳಿಸಿದೆ.

ಜೋಗದಲ್ಲಿ ಒಂದು ಪೂರ್ತಿ ಲೆಕ್ಕ ಹಾಕಿ ನೋಡೋಣ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಶರಾವತಿ ಬೀಳುವಾಗ ಬಿಳಿ ನೀರು ಮತ್ತು ಒದ್ದೆ ಕರಿಬಂಡೆಯ ನಡುವಿನ ಅಂತರ ಬಹಳ ದೊಡ್ಡದು, ನೆತ್ತಿಯ ಬಿಸಿಲಿದ್ದರೆ ಫಿಲ್ಮಿಗೆ ಅದು ಹೊರಲಾರದ ಹೊರೆ. ಆದ್ದರಿಂದ ದಟ್ಟ ಮೋಡವಿರುವ ಹೊತ್ತೇ ಒಳ್ಳೆಯದು. ನೀರು ಹತ್ತಿ ಎಳೆದಂತೆ ಕಾಣಬೇಕಾದರೆ ನಿಧಾನ ಶಟರ್ ಬೇಕು. ಐಎಸ್‌ಒ 125 ಫಿಲ್ಮಿಗೆ ದಟ್ಟ ಮೋಡದಲ್ಲಿ ಎಫ್ 5.6ಕ್ಕೆ 1/125 ಸೆಕೆಂಡು ಎಂದು ಹಿಡಿಯೋಣ. ಅಪರ್ಚರನ್ನು ಎಫ್ 16ಕ್ಕೆ ಮುಚ್ಚಿದರೆ ಮೂರು ಸ್ಟಾಪ್ ಹೋಗಿ 1/15 ಆಗುತ್ತದೆ, ಸುತ್ತಲಿನ ಹಸಿರು ತಿಳಿಯಾಗಿ ಬಿಡಿಬಿಡಿಯಾಗಿ ಕಾಣಲೆಂದು ಹಳದಿ-ಹಸಿರು ಫಿಲ್ಟರ್ ಹಾಕಿದರೆ ಇನ್ನೊಂದು ಸ್ಟಾಪ್ ಹೋಗಿ 1/8 ಆಗುತ್ತದೆ. ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟು ಕೇಬಲ್ ರಿಲೀಸಿನಿಂದ ಒತ್ತಿದರೆ ಬೇಕಾದ ನೀರಿನ ಎಳೆ ಸಿಗುತ್ತದೆ. ಎಲ್ಲ ಸಿದ್ಧಮಾಡಿಕೊಳ್ಳುವಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು ಜಲಪಾತವೇ ಮರೆಯಾಗುವುದು ಜೋಗದ ರೂಢಿ. ಕಾಯಬೇಕು, ಅದು ಎದ್ದಷ್ಟೇ ಬೇಗ ಸರಿಯುತ್ತದೆ.

ದೇವಾಲಯದ ಒಳಗಿನ ಕತ್ತಲಲ್ಲಿ ಸ್ಟ್ಯಾಂಡ್ ಹೂಡಲು ಮೊದಲು ಅನುಮತಿ ಕೇಳಿಕೊಳ್ಳಿ. ಅಲ್ಲಿ ಶಟರ್ ಸೆಕೆಂಡುಗಟ್ಟಲೆ ತೆರೆದಿರಬೇಕಾಗುತ್ತದೆ, ಒಂದು ಸೆಕೆಂಡು ದಾಟಿದ ಮೇಲೆ ಫಿಲ್ಮು ಬೆಳಕಿಗೆ ಮೊದಲಿನಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಎಚ್‌ಪಿ5 ಪ್ಲಸ್‌ನಲ್ಲಿ ಮೀಟರು 4 ಸೆಕೆಂಡು ತೋರಿಸಿದರೆ 6, 10 ತೋರಿಸಿದರೆ 20, 30 ತೋರಿಸಿದರೆ ಸುಮಾರು 85 ಸೆಕೆಂಡು ಕೊಡಬೇಕು.

ಮಳೆಯೊಳಗೆ ನಿಂತು ತೆಗೆಯುವವರಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಲೆನ್ಸಿನ ಮುಂದೆ ಹುಡ್ ಹಾಕಿ, ಕೊಡೆಯ ಕಾವನ್ನು ಹೆಗಲಿಗೂ ಕತ್ತಿಗೂ ನಡುವೆ ಸಿಕ್ಕಿಸಿ, ಹಳೆಯ ಹತ್ತಿ ಪಂಚೆಯ ತುಂಡೊಂದನ್ನು ಒಳಜೇಬಿನಲ್ಲಿಡಿ. ಉಂಬಳ (ಜಿಗಣೆ) ಹತ್ತದಿರಲೆಂದು ಕಾಲಿಗೆ ಹಚ್ಚಿಕೊಳ್ಳುವ ಕೀಟನಿವಾರಕ ಎಣ್ಣೆಗಳಲ್ಲಿ ಡೀಟ್ ಎಂಬ ರಾಸಾಯನಿಕವಿದ್ದರೆ ಅದು ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಕರಗಿಸುತ್ತದೆ, ಆ ಕೈಯಲ್ಲಿ ಕ್ಯಾಮೆರಾ ಮುಟ್ಟಬಾರದು. ಉಂಬಳಕ್ಕೆ ಉಪ್ಪಿನ ಗಂಟೇ ಸಾಕು.

ಕತ್ತಲಲ್ಲಿ ಸ್ಪೈರಲಿಗೆ ಸುತ್ತುವುದು

ತೆಗೆದ ಫಿಲ್ಮನ್ನು ತೇವದ ಹವೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಅದರ ಮೇಲೆ ಮೂಡಿರುವ, ಇನ್ನೂ ಕಣ್ಣಿಗೆ ಕಾಣದ ಚಿತ್ರ ಸೊರಗುತ್ತದೆ. ವಾರದೊಳಗೆ ತೊಳೆಯುವುದು ಒಳ್ಳೆಯ ಅಭ್ಯಾಸ. ಇದಕ್ಕೆ ಬೇಕಾದ ಮುಖ್ಯ ಸಾಮಾನುಗಳೆಂದರೆ ಬೆಳಕು ಹೋಗದ ಮುಚ್ಚಳದ ಡೆವಲಪಿಂಗ್ ಟ್ಯಾಂಕು, ಫಿಲ್ಮ್ ಸುತ್ತಲು ಅದರೊಳಗೆ ಕೂರುವ ಸ್ಪೈರಲ್, ಎರಡು ತೋಳುಗಳಿರುವ ಕರಿಯ ಚೇಂಜಿಂಗ್ ಬ್ಯಾಗು, ಕತ್ತರಿ, ಉಷ್ಣಮಾಪಕ ಮತ್ತು ಅಳತೆಯ ಲೋಟಗಳು.

ಸ್ಪೈರಲಿಗೆ ಫಿಲ್ಮ್ ಸುತ್ತುವ ಹಂತವೇ ಮಳೆಗಾಲದಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಚೀಲದೊಳಗೆ ಕೈಯಿಟ್ಟ ಐದೇ ನಿಮಿಷಕ್ಕೆ ಅಂಗೈ ಬೆವರುತ್ತದೆ, ಚೀಲದೊಳಗಿನ ಗಾಳಿ ಹಬೆಯಾಡುತ್ತದೆ, ಫಿಲ್ಮಿನ ಜೆಲಟಿನ್ ಪದರ ಆ ತೇವವನ್ನು ಹೀರಿ ಅಂಟಂಟಾಗುತ್ತದೆ, ಪ್ಲಾಸ್ಟಿಕ್ ಸ್ಪೈರಲಿನ ಜಾಡಿನಲ್ಲಿ ಮುಂದೆ ಸರಿಯದೆ ನಡುವೆ ಕಚ್ಚಿಕೊಳ್ಳುತ್ತದೆ. ಆಗ ಮನುಷ್ಯ ಮಾಡುವ ಮೊದಲ ತಪ್ಪೆಂದರೆ ಒತ್ತಿ ತಳ್ಳುವುದು. ನಾನೂ ತಳ್ಳಿದ್ದೆ, ಫಿಲ್ಮು ಜಾಡಿನಿಂದ ಹಾರಿ, ಮಡಿಚಿಕೊಂಡು, ತೊಳೆದಾದ ಮೇಲೆ ನೋಡಿದರೆ ಸಕ್ರೆಬೈಲಿನಲ್ಲಿ ಬೆಳಿಗ್ಗೆ ಸ್ನಾನಕ್ಕಿಳಿದ ಆನೆಗಳ ಬೆನ್ನಿನ ಮೇಲೆಲ್ಲ ಬಿದಿಗೆ ಚಂದ್ರನಂತಹ ಕಪ್ಪು ಗುರುತುಗಳು ಮೂಡಿದ್ದವು. ಫಿಲ್ಮು ಮಡಿಚಿದ ಕಡೆ ಬೀಳುವ ಗುರುತು ಅದು.

ಇದನ್ನು ತಪ್ಪಿಸಲು ಸ್ಪೈರಲನ್ನು ಹಿಂದಿನ ದಿನವೇ ಸಿಲಿಕಾ ಜೆಲ್ ಇರುವ ಡಬ್ಬದೊಳಗೆ ಹಾಕಿಡಿ. ಕೈಯನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿಕೊಳ್ಳಿ. ಕಿಟಕಿಯಿಲ್ಲದ ಕೋಣೆಯೊಂದಿದ್ದರೆ ರಾತ್ರಿ ಹೊತ್ತು, ಬಾಗಿಲ ಸಂದಿಗೆ ಕಂಬಳಿ ತುರುಕಿ, ಚೀಲವಿಲ್ಲದೆ ತೆರೆದ ಗಾಳಿಯಲ್ಲೇ ಸುತ್ತಿ. ಹಗಲಿನಲ್ಲಿ ಕಾಣದ ಬೆಳಕಿನ ಸಂದುಗಳು ಕತ್ತಲಲ್ಲಿ ಹತ್ತು ನಿಮಿಷ ಕುಳಿತ ಮೇಲೆ ಕಣ್ಣಿಗೆ ಬೀಳುತ್ತವೆ, ಅವನ್ನು ಮುಚ್ಚಿದ ಮೇಲೆಯೇ ಫಿಲ್ಮ್ ತೆರೆಯಬೇಕು. ಫಿಲ್ಮಿನ ನಾಲಿಗೆಯನ್ನು ರಂಧ್ರಗಳ ನಡುವೆ ನೇರವಾಗಿ ಕತ್ತರಿಸಿ, ಎರಡು ಮೂಲೆಗಳನ್ನು ಒಂದಿಷ್ಟೇ ಗುಂಡಗೆ ಸವರಿ. ಚೂಪು ಮೂಲೆ ಜಾಡಿಗೆ ಕಚ್ಚುತ್ತದೆ. ಇಷ್ಟಾದರೂ ಸಿಕ್ಕಿಹಾಕಿಕೊಂಡರೆ ಸ್ಪೈರಲ್ ಮತ್ತು ಫಿಲ್ಮನ್ನು ಹಾಗೆಯೇ ಸಡಿಲವಾಗಿ ಟ್ಯಾಂಕಿನೊಳಗಿಟ್ಟು, ನಡುವಿನ ಕೊಳವೆಯನ್ನೂ ಸೇರಿಸಿ ಮುಚ್ಚಳ ಬಿಗಿದು, ದೀಪ ಹಾಕಿ, ಕೈಯೊಣಗಿಸಿಕೊಂಡು, ಒಂದು ಲೋಟ ಕಾಫಿ ಕುಡಿದು ಮತ್ತೆ ಬನ್ನಿ. ಮುಚ್ಚಿದ ಟ್ಯಾಂಕಿನೊಳಗೆ ಫಿಲ್ಮಿಗೆ ಯಾವ ಅವಸರವೂ ಇಲ್ಲ. ಹೊಸಬರು ಹಾಳಾದ ಒಂದು ರೀಲನ್ನು ಬೆಳಕಿನಲ್ಲಿ ಹತ್ತು ಸಲ, ಕಣ್ಣು ಮುಚ್ಚಿ ಹತ್ತು ಸಲ ಸುತ್ತಿ ಕಲಿತ ಮೇಲೆಯೇ ನಿಜವಾದ ಫಿಲ್ಮಿಗೆ ಕೈಹಾಕಬೇಕು.

ರೀಲು ತೊಳೆಯುವುದು

ಕೊಡಾಕ್ ಕಂಪನಿ 1927ರಲ್ಲಿ ಪ್ರಕಟಿಸಿದ ಡಿ-76 ಡೆವಲಪರ್ (ಚಿತ್ರವನ್ನು ಕಣ್ಣಿಗೆ ಕಾಣಿಸುವ ದ್ರಾವಣ) ಇಂದಿಗೂ ಬಳಕೆಯಲ್ಲಿದೆ, ಇಲ್ಫೋರ್ಡಿನ ಐಡಿ-11 ಹೆಚ್ಚು ಕಡಿಮೆ ಅದೇ ಸೂತ್ರದ್ದು. ಪೊಟ್ಟಣ ಸಿಗದಿದ್ದರೆ ರಾಸಾಯನಿಕಗಳನ್ನು ತರಿಸಿ ಮನೆಯಲ್ಲೇ ಬೆರೆಸಬಹುದು. ಸುಮಾರು 50 ಡಿಗ್ರಿ ಬಿಸಿಯ 750 ಮಿಲಿಲೀಟರ್ ನೀರಿಗೆ ಮೊದಲು 2 ಗ್ರಾಂ ಮೆಟಾಲ್, ಅದು ಪೂರ್ತಿ ಕರಗಿದ ಮೇಲೆ 100 ಗ್ರಾಂ ನಿರ್ಜಲ ಸೋಡಿಯಂ ಸಲ್ಫೈಟ್, ಬಳಿಕ 5 ಗ್ರಾಂ ಹೈಡ್ರೋಕ್ವಿನೋನ್, ಕೊನೆಗೆ 2 ಗ್ರಾಂ ಬೋರಾಕ್ಸ್ ಹಾಕಿ ಕಲಕಿ, ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಬೇಕು. ಈ ಕ್ರಮ ತಪ್ಪಬಾರದು, ಸಲ್ಫೈಟ್ ತುಂಬಿದ ನೀರಿನಲ್ಲಿ ಮೆಟಾಲ್ ಸರಿಯಾಗಿ ಕರಗುವುದಿಲ್ಲ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲವಾದ್ದರಿಂದ ಕೈಗವಸು ಹಾಕಿಕೊಳ್ಳಿ. 2 ಗ್ರಾಂ ತೂಗಲು ಅಡುಗೆಮನೆಯ ತಕ್ಕಡಿ ಪ್ರಯೋಜನಕ್ಕೆ ಬಾರದು; ಅಕ್ಕಸಾಲಿಗರು ಬಳಸುವಂಥ, ಒಂದು ಗ್ರಾಮಿನ ಹತ್ತನೇ ಒಂದು ಭಾಗವನ್ನಾದರೂ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ದ್ರಾವಣವನ್ನು ಕಂದು ಬಾಟಲಿಯಲ್ಲಿ ಕಂಠಪೂರ್ತಿ ತುಂಬಿ, ತಾರೀಕು ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕು.

ನಮ್ಮ ಬಾವಿಯ ನೀರು ಮೆದು, ಅದು ಡೆವಲಪರಿಗೆ ಒಳ್ಳೆಯದೇ. ಮಳೆ ಜೋರಾದಾಗ ಮಾತ್ರ ಅದರಲ್ಲಿ ಜಂಬಿಟ್ಟಿಗೆಯ ಕೆಂಪು ಹುಡಿ ತೇಲುತ್ತದೆ, ಒದ್ದೆ ಎಮಲ್ಷನ್ನಿಗೆ ಆ ಹುಡಿ ಮರಳುಕಾಗದವಿದ್ದಂತೆ. ಒಂದು ರಾತ್ರಿ ಕೊಡದಲ್ಲಿ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು.

ಈಗ ಉಷ್ಣತೆಯ ಪ್ರಶ್ನೆ. ಮಂಜುಗಡ್ಡೆ ಹಾಕಿ ನೀರನ್ನು 20 ಡಿಗ್ರಿಗೆ ಇಳಿಸಬಹುದು, ಆದರೆ ಡೆವಲಪರ್ 20, ಹೈಪೋ (ಚಿತ್ರವನ್ನು ನೆಲೆಗೊಳಿಸುವ ಫಿಕ್ಸರ್) 25, ತೊಳೆಯುವ ನೀರು 26 ಆಗಿಬಿಟ್ಟರೆ ಆ ಏರುಪೇರೇ ಫಿಲ್ಮಿಗೆ ಹೆಚ್ಚು ಹಾನಿ. ನಮ್ಮ ಮನೆಯ ಬಾವಿ ನೀರು 24 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಹಾಗಾಗಿ ನಾನು ಎಲ್ಲವನ್ನೂ 24ರಲ್ಲೇ ಇಟ್ಟುಕೊಳ್ಳುತ್ತೇನೆ. ಎಲ್ಲ ಬಾಟಲಿಗಳನ್ನೂ ಟ್ಯಾಂಕನ್ನೂ ಒಂದೇ ಟಬ್ಬಿನ ಬಾವಿ ನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಎಲ್ಲವೂ ತಾವಾಗಿ ಒಂದೇ ಉಷ್ಣತೆಗೆ ಬರುತ್ತವೆ. ಎಚ್‌ಪಿ5 ಪ್ಲಸ್ ಫಿಲ್ಮಿಗೆ ನೀರು ಬೆರೆಸದ ಐಡಿ-11ರಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷವೆಂದು ಇಲ್ಫೋರ್ಡಿನವರು ಹೇಳಿದ್ದಾರೆ. 24ಕ್ಕೆ ಅದು ಐದೂಕಾಲಕ್ಕೆ ಇಳಿಯುತ್ತದೆ, ಅಷ್ಟು ಕಡಿಮೆ ಹೊತ್ತಿನಲ್ಲಿ ಸುರಿಯುವಾಗಿನ ಸಣ್ಣ ತಡವೂ ಚಿತ್ರದಲ್ಲಿ ಕಲೆಯಾಗಿ ಕಾಣುತ್ತದೆ. ಅದಕ್ಕಾಗಿ ಡೆವಲಪರಿಗೆ ಸಮಪಾಲು ನೀರು ಬೆರೆಸುವುದು ಉತ್ತಮ: 20 ಡಿಗ್ರಿಗೆ 13 ನಿಮಿಷ ಬೇಕಾಗುವ ಈ ಮಿಶ್ರಣ 24ಕ್ಕೆ ಸುಮಾರು 9 ನಿಮಿಷ ತೆಗೆದುಕೊಳ್ಳುತ್ತದೆ. ಮನೆಯಲ್ಲಿ ಬೆರೆಸಿದ ಡೆವಲಪರಿಗೂ ಇಲ್ಲಿಂದಲೇ ಆರಂಭಿಸಿ, ಫಲ ನೋಡಿ ತಿದ್ದಿಕೊಳ್ಳಿ. 24ರ ಮೇಲೆ ಹೋದಷ್ಟೂ ಜೆಲಟಿನ್ ಉಬ್ಬಿ ಮೆತ್ತಗಾಗುತ್ತದೆ, ಏಪ್ರಿಲ್-ಮೇ ತಿಂಗಳಲ್ಲಿ ಟಬ್ಬಿಗೆ ಮಂಜುಗಡ್ಡೆಯ ಚೀಲ ಇಳಿಸುವುದು ತಪ್ಪದು.

ಮೋಡದ ದಿನ ಬೆಳಕು ಸಾಲದೆ ಇಡೀ ರೀಲನ್ನು ಐಎಸ್‌ಒ 1600 ಎಂದು ಎಣಿಸಿ ತೆಗೆದಿದ್ದರೆ ನೀರು ಬೆರೆಸದ ಐಡಿ-11ರಲ್ಲಿ 20 ಡಿಗ್ರಿಗೆ 14 ನಿಮಿಷ, 24ಕ್ಕೆ ಸುಮಾರು 10 ನಿಮಿಷ. ಗ್ರೇನ್ (ಚಿತ್ರದ ಕಾಳು) ದಪ್ಪವಾಗುತ್ತದೆ, ನೆರಳಿನ ವಿವರ ಹೋಗುತ್ತದೆ. ಮಳೆಯ ಚಿತ್ರಗಳಿಗೆ ಆ ಒರಟುತನ ನನಗೇನೋ ಇಷ್ಟ.

ತೊಳೆಯುವ ಕ್ರಮ ಹೀಗೆ. ಒಂದು 35 ಎಂಎಂ ರೀಲಿಗೆ ಸುಮಾರು 300 ಮಿಲಿಲೀಟರ್, ಎಂದರೆ 150 ಡೆವಲಪರ್ ಮತ್ತು 150 ನೀರು, ಟ್ಯಾಂಕಿಗೆ ಒಂದೇ ಓಟದಲ್ಲಿ ಸುರಿದು ಗಡಿಯಾರ ಶುರುಮಾಡಿ. ಮುಚ್ಚಳ ಹಾಕಿ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಮಗುಚಿ, ಅಂಟಿದ ಗಾಳಿಗುಳ್ಳೆ ಬಿಡಲೆಂದು ಟ್ಯಾಂಕಿನ ತಳವನ್ನು ಮೇಜಿಗೆ ಮೆಲ್ಲನೆ ತಟ್ಟಿ ಟಬ್ಬಿನಲ್ಲಿಡಿ. ಮುಂದೆ ಪ್ರತಿ ನಿಮಿಷದ ಮೊದಲ ಹತ್ತು ಸೆಕೆಂಡು ಇದನ್ನೇ ಮಾಡಿ. ಹೆಚ್ಚು ಅಲುಗಾಡಿಸಿದರೆ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ಏರುತ್ತದೆ, ಆದ್ದರಿಂದ ಎಲ್ಲ ರೀಲಿಗೂ ಒಂದೇ ಲಯವಿರಲಿ. ಅವಧಿ ಮುಗಿಯಲು ಹತ್ತು ಸೆಕೆಂಡು ಇರುವಾಗಲೇ ಹೊರಗೆ ಸುರಿಯತೊಡಗಬೇಕು. ನೀರು ಬೆರೆಸಿ ಬಳಸಿದ ಡೆವಲಪರನ್ನು ಮತ್ತೆ ಬಳಸಬಾರದು.

ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್‌ಗೆ ಅಂಗಡಿಯ ಬಿಳಿ ವಿನೆಗರಿಗೆ ಮೂರು ಪಾಲು ನೀರು ಸೇರಿಸಿ ಅರ್ಧ ನಿಮಿಷ ಬಳಸಿದರೆ ಸಾಕು. ಬಳಿಕ ಹೈಪೋ. ಅಮೋನಿಯಂ ಥಯೋಸಲ್ಫೇಟಿನ ರ್‍ಯಾಪಿಡ್ ಫಿಕ್ಸರ್ ಆದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು, ಐದು ನಿಮಿಷ. ಫಿಕ್ಸರ್ ಸತ್ತಿದೆಯೋ ಬದುಕಿದೆಯೋ ತಿಳಿಯಲು ಮೊದಲೇ ಕತ್ತರಿಸಿಟ್ಟ ಫಿಲ್ಮಿನ ನಾಲಿಗೆಯ ತುಂಡನ್ನು ಬೆಳಕಿನಲ್ಲೇ ಅದರೊಳಗೆ ಹಾಕಿ ನೋಡಿ. ಹಾಲಿನಂತಹ ಪದರ ಕರಗಿ ತಿಳಿಯಾಗಲು ಹಿಡಿದ ಹೊತ್ತಿನ ಎರಡರಷ್ಟು ಫಿಕ್ಸ್ ಮಾಡಬೇಕು, ಹೊಸದರಲ್ಲಿ ಹಿಡಿದ ಹೊತ್ತಿಗಿಂತ ಎರಡು ಪಟ್ಟು ತಡವಾಗತೊಡಗಿದರೆ ಅದನ್ನು ಬದಲಿಸಬೇಕು.

ನೀರಿನಲ್ಲಿ ಜಾಲಿಸಲು ನಲ್ಲಿಯನ್ನು ಅರ್ಧ ಗಂಟೆ ಬಿಡಬೇಕಾಗಿಲ್ಲ. ಟ್ಯಾಂಕು ತುಂಬಿ ಐದು ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಮತ್ತೊಮ್ಮೆ ತುಂಬಿ ಇಪ್ಪತ್ತು ಸಲ ಮಗುಚಿದರೆ ಸಾಕೆಂದು ಇಲ್ಫೋರ್ಡಿನವರೇ ಹೇಳುತ್ತಾರೆ. ಬಳಸಿದ ಹೈಪೋದಲ್ಲಿ ಫಿಲ್ಮಿನ ಬೆಳ್ಳಿ ಕರಗಿರುತ್ತದೆ. ಅದನ್ನು ತೋಟದ ಕಾಲುವೆಗೋ ಹಳ್ಳಕ್ಕೋ ಚೆಲ್ಲಬೇಡಿ. ಹಳೆಯ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಬ್ಬಿಣದ ನಾರಿನ ಉಂಡೆಯೊಂದಿಗೆ ಕೆಲವು ದಿನ ಬಿಟ್ಟರೆ ಬೆಳ್ಳಿ ಕರಿಯ ಗಸಿಯಾಗಿ ತಳಕ್ಕೆ ಇಳಿಯುತ್ತದೆ.

ಒಣಗಿಸಿ ಓದುವುದು

ಕೊನೆಯ ನೀರಿಗೆ, ಹನಿ ನಿಂತು ಕಲೆಯಾಗದಂತೆ ಮಾಡುವ ವೆಟಿಂಗ್ ಏಜೆಂಟನ್ನು ಇನ್ನೂರಕ್ಕೆ ಒಂದು ಪಾಲಿನಂತೆ ಸೇರಿಸಿ, ಫಿಲ್ಮನ್ನು ಅರ್ಧ ನಿಮಿಷ ಅದ್ದಿ, ಬಟ್ಟೆ ಕ್ಲಿಪ್ಪಿನಿಂದ ತೂಗುಹಾಕಿ ಕೆಳಗೂ ಒಂದೆರಡು ಕ್ಲಿಪ್ ಭಾರಕ್ಕೆ ಸಿಕ್ಕಿಸಬೇಕು. ಸ್ನಾನದ ಮನೆಯ ಹಬೆಯಲ್ಲಿ ಧೂಳು ಕೂತಿರುತ್ತದೆ, ಅಲ್ಲಿಯೇ ತೂಗುಹಾಕಿರೆಂದು ಪೇಟೆಯವರು ಹೇಳುವುದುಂಟು. ಸೌದೆ ಉರಿಸಿ ಹಂಡೆ ಕಾಯಿಸುವ ನಮ್ಮ ಬಚ್ಚಲುಮನೆಗೆ ಅದು ಹೊಂದದು, ಫಿಲ್ಮಿಗೆ ಇಲ್ಲಣ (ಹೊಗೆಮಸಿ) ಹತ್ತುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ. ಬಾಗಿಲು ಮುಚ್ಚಿದ, ಫ್ಯಾನ್ ಹಾಕದ ಮಲಗುವ ಕೋಣೆಯೇ ಸರಿ. ಬೇಸಿಗೆಯಲ್ಲಿ ಎರಡು ಗಂಟೆಗೆ ಒಣಗುವ ಫಿಲ್ಮು ಮಳೆಗಾಲದಲ್ಲಿ ಇಡೀ ರಾತ್ರಿ ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಜೆಲಟಿನ್ ಆಸೆಗೆ ಜಿರಳೆ ಬರುವುದರಿಂದ ಗೋಡೆಗೆ ತಾಗದಂತೆ ಕೋಣೆಯ ನಡುವಿನ ಹಗ್ಗಕ್ಕೆ ಹಾಕಬೇಕು. ಒಂದು ಲಾಭವೂ ಇದೆ: ಮಳೆಗಾಲದ ಗಾಳಿಯಲ್ಲಿ ಧೂಳಿಲ್ಲ, ನನ್ನ ಅತ್ಯಂತ ನಿರ್ಮಲವಾದ ನೆಗೆಟಿವ್‌ಗಳೆಲ್ಲ ಜುಲೈನವು.

ಪೂರ್ತಿ ಒಣಗಿದ ಮೇಲೆ ಆರಾರು ಚಿತ್ರಗಳಿಗೆ ಕತ್ತರಿಸಿ ಪಾಲಿಪ್ರೊಪಿಲಿನ್ ಹಾಳೆಗಳಲ್ಲಿಡಿ. ಮಿರುಗುವ ಬೆಣ್ಣೆಕಾಗದ ನಮ್ಮ ತೇವಕ್ಕೆ ಫಿಲ್ಮಿಗೇ ಅಂಟಿಕೊಳ್ಳುತ್ತದೆ. ಹಾಳೆಗಳನ್ನು ಒಂದರ ಮೇಲೊಂದು ಒತ್ತಿ ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಸಿಲಿಕಾ ಜೆಲ್ ಡಬ್ಬದೊಳಗಿಡಬೇಕು.

ಸ್ಕ್ಯಾನ್ ಮಾಡುವ ಮೊದಲು ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚಿನಲ್ಲಿರುವ ಕಂಪನಿಯ ಹೆಸರು ಮತ್ತು ಅಂಕೆಗಳನ್ನು ನೋಡಿ. ಅವು ಕಾರ್ಖಾನೆಯಲ್ಲೇ ಬೆಳಕು ಕೊಟ್ಟು ಅಚ್ಚುಮಾಡಿದವಾದ್ದರಿಂದ ನಿಮ್ಮ ಮೀಟರಿಗೂ ಅವಕ್ಕೂ ಸಂಬಂಧವಿಲ್ಲ. ಅಂಕೆಗಳು ಗಾಢವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ, ನೆರಳುಗಳಿರಬೇಕಾದ ಕಡೆ ಬರೀ ಗಾಜಿನಂತೆ ಖಾಲಿಯಾಗಿದ್ದರೆ, ಬೆಳಕು ಸಾಲಲಿಲ್ಲ ಎಂದರ್ಥ. ಅಂಕೆಗಳೂ ಮಸುಕಾಗಿದ್ದರೆ ಡೆವಲಪರ್ ಹಳತಾಗಿದೆ, ಇಲ್ಲವೇ ಅವಧಿ ಸಾಲಲಿಲ್ಲ. ಮುಂದಿನ ಸಲ ಒಂಬತ್ತು ನಿಮಿಷವನ್ನು ಹತ್ತು ಮಾಡಿ. ಮೋಡದ ಆಕಾಶ, ಹಿಂದೆ ಹಿಡಿದ ಕಾಗದದ ಅಕ್ಷರ ಓದಲಾರದಷ್ಟು ಕಪ್ಪಾಗಿದ್ದರೆ ಎಂಟಕ್ಕೆ ಇಳಿಸಿ. ಉಷ್ಣತೆ, ನಿಮಿಷ, ಅಪರ್ಚರ್, ಆ ದಿನದ ಮೋಡ ಎಲ್ಲವನ್ನೂ ರೀಲಿನ ಸಂಖ್ಯೆಯೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, ಅದೂ ಪೆನ್ಸಿಲಿನಲ್ಲಿ. ಶಾಯಿಯಲ್ಲಿ ಬರೆದ ನನ್ನ ಮೊದಲ ವರ್ಷದ ಲೆಕ್ಕವೆಲ್ಲ ಆಶ್ಲೇಷ ಮಳೆಯ ಹೊತ್ತಿಗೆ ಹಾಳೆಯಿಂದ ಹಾಳೆಗೆ ಹರಿದು ನೀಲಿಯಾಗಿತ್ತು.